ದೇವದುರ್ಗದ ಅಕ್ಕ, ಮಾನ್ವಿಯ ಸಾಕ್ಷಿ

ರಾಯಚೂರಿನ ಸುವಾರ್ತಮ್ಮನ ಕೈಗೆ ಒಂದು ಹಾಲಿನ ಪಾಕೀಟು ಕೊಟ್ಟು ನೋಡಿ. ಮೊದಲು ತಾರೀಖು ಓದುತ್ತಾಳೆ, ಆಮೇಲೆ ಮೂಸುತ್ತಾಳೆ, ಆಮೇಲೆ ಕೊಟ್ಟವರ ಮುಖ ನೋಡುತ್ತಾಳೆ. ಮೂರೂ ಸರಿಯಾಗಿದ್ದರೂ "ಇರ್ಲಿ, ಕಾಸಿ ನೋಡ್ತೀನಿ" ಎಂದೇ ಒಳಗೆ ಹೋಗುವುದು. ಸ್ಟೇಷನ್ ಕಡೆಯ ಒಂದು ಕಾನ್ವೆಂಟ್ ಶಾಲೆಯಲ್ಲಿ ಆಕೆ ಆಯಾ. ಸಂಜೆ ಗೇಟಿನಲ್ಲಿ ನಿಂತಳೆಂದರೆ ಗುರುತಿಲ್ಲದವರ ಕೈಗೆ ಮಗು ಹೋಗುವ ಮಾತೇ ಇಲ್ಲ. ಒಮ್ಮೆ ದುಬೈಯಿಂದ ಬಂದ ಒಬ್ಬ ಅಪ್ಪನನ್ನೇ ತಡೆದು, "ನೀವ ಅಪ್ಪ ಅನ್ನೋದಕ್ಕ ಏನ್ ಗುರ್ತದರೀ?" ಎಂದು ಕೇಳಿ, ಆ ಪಾಪದ ಮನುಷ್ಯ ಹೆಂಡತಿಗೆ ಫೋನ್ ಹಚ್ಚಿ ಕೊಡುವ ತನಕ ಬಿಟ್ಟಿರಲಿಲ್ಲ. ಇಂಥ ಆಯಾ ಇದ್ದರೆ ಊರಿನ ತಾಯಂದಿರಿಗೆ ನಿಶ್ಚಿಂತೆ. ಮನೆಯಲ್ಲಿರುವವರಿಗೆ ಮಾತ್ರ ಜೀವ ಸಾಕಾಗುತ್ತದೆ. ಮನೆಯಲ್ಲಿರುವುದಾದರೂ ಮಗಳು ಮಂಜುಳಾ ಒಬ್ಬಳೇ. ನರ್ಸಿಂಗ್ ಓದುತ್ತಾಳೆ, ಅವ್ವನ ಸಂಶಯಕ್ಕೆ ನಗುವುದನ್ನು ಚಿಕ್ಕಂದಿನಲ್ಲೇ ಕಲಿತಿದ್ದಾಳೆ.

ಸುವಾರ್ತಮ್ಮನಿಗೆ ಇನ್ನೊಂದು ಹೆಸರುವಾಸಿ ವಿದ್ಯೆ ಇದೆ, ಸಾಕ್ಷಿ ಹೇಳುವುದು. ಅವರ ಚರ್ಚಿನಲ್ಲಿ ಹಾಡು ಮುಗಿದು ಪಾದ್ರಿ ಅಯ್ಯನವರ ಪ್ರಸಂಗ ಶುರುವಾಗುವ ಮೊದಲು ಸಭೆಯವರಲ್ಲಿ ಯಾರಾದರೂ ಎದ್ದು, ದೇವರು ತಮ್ಮ ಬಾಳಿನಲ್ಲಿ ಏನು ಮಾಡಿದ, ಏನು ಕಲಿಸಿದ ಎಂದು ಹೇಳುತ್ತಾರೆ. ಉಳಿದವರು ಜ್ವರ ಬಿಟ್ಟದ್ದು, ಮಗ ಪರೀಕ್ಷೆ ಪಾಸಾದದ್ದು ಹೇಳಿ ಕೂತುಬಿಡುತ್ತಾರೆ. ಸುವಾರ್ತಮ್ಮನಿಗೆ ಎಲ್ಲದರಲ್ಲೂ ಪಾಠ ಕಾಣುತ್ತದೆ, ಅದರಲ್ಲೂ ರಜೆಯ ಪ್ರಯಾಣದಲ್ಲಿ ಮತ್ತು ನೆಂಟರ ಜಗಳದಲ್ಲಿ. ಬಸ್ಸು ಕೆಟ್ಟು ನಿಂತರೆ ಒಂದು ಪಾಠ, ನಾದಿನಿ ಮುಖ ತಿರುಗಿಸಿದರೆ ಎರಡು. ಒಂದು ಮಾತು ಮಾತ್ರ ಹೇಳಿಬಿಡಬೇಕು. ಪಾಠ ಕಾಣುವುದು ಸುವಾರ್ತಮ್ಮನಿಗಾದರೂ ಅದನ್ನು ಕಲಿಯಬೇಕಾದವರು ಯಾವಾಗಲೂ ಬೇರೆಯವರೇ ಆಗಿರುತ್ತಿದ್ದರು.

ಆಕೆಯ ಸಾಕ್ಷಿಗಳಲ್ಲೆಲ್ಲ ದೊಡ್ಡದು ಅಕ್ಕನ ಸಾಕ್ಷಿ. ರಾಯಚೂರು, ಸಿರವಾರ, ಮಾನ್ವಿ, ಎಲ್ಲ ಕಡೆಯ ಹೆಣ್ಣುಮಕ್ಕಳ ಕೂಟಗಳಲ್ಲಿ ಅದನ್ನು ಬೇಡಿ ಬೇಡಿ ಹೇಳಿಸುತ್ತಿದ್ದರು.

ಸಂಗತಿ ಇಷ್ಟು. ಅಕ್ಕ ಬಸವಂತಮ್ಮ ಮದುವೆಯಾಗಿ ದೇವದುರ್ಗಕ್ಕೆ ಹೋದ ಮೇಲೆ ತವರಿನವರು ಕ್ರೈಸ್ತರಾದರು. ಆಗಿನ್ನೂ ಮದುವೆಯಾಗದಿದ್ದ ತಂಗಿ ಪಕೀರಮ್ಮ ದೀಕ್ಷಾಸ್ನಾನ ಮಾಡಿಸಿಕೊಂಡು ಸುವಾರ್ತಮ್ಮ ಆದಳು. ಅಕ್ಕ ಗಂಡನ ಮನೆಯ ದೇವರಿಗೆ ಎಡೆ ಹಿಡಿಯುತ್ತ ಅಲ್ಲಿಯೇ ಇದ್ದಳು. ಇಬ್ಬರ ನಡುವೆ ಅದರಿಂದ ಏನೂ ಬಿರುಕು ಬಂದಿರಲಿಲ್ಲ. ತಂಗಿಯದು ಒಂದೇ ಕಟ್ಟುನಿಟ್ಟು, ಎಡೆ ಹಿಡಿದ ಅನ್ನ, ಬಲಿ ಕೊಟ್ಟ ಮಾಂಸ ಬಾಯಿಗೆ ಇಡುವುದಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು. ಹತ್ತು ವರ್ಷದ ಹಿಂದೆ ಒಂದು ರಜೆಯಲ್ಲಿ ದೇವದುರ್ಗಕ್ಕೆ ಹೋದಾಗ ಅಕ್ಕ ರೊಟ್ಟಿ, ಕುರಿಮಾಂಸದ ಸಾರು ಬಡಿಸಿದಳು. ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಕಟ್ಟೆಯ ಮೇಲೆ ಕುರಿಯ ತಲೆ ಕೂತಿದೆ, ಹಣೆಗೆ ಭಂಡಾರ, ಕುಂಕುಮ! ಅಂದು ಮನೆದೇವತೆಗೆ ಕುರಿ ಕೊಯ್ದಿದ್ದರು. ಸುವಾರ್ತಮ್ಮ ಒಂದು ಮಾತು ಕೇಳಲಿಲ್ಲ. ಚೀಲ ಎತ್ತಿಕೊಂಡು, ಮಗಳ ಕೈ ಹಿಡಿದು ದರದರ ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೇಬಿಟ್ಟಳು. ಆಮೇಲೆ ಅಕ್ಕ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಮೊದಲ ಸಲ ಸಾಕ್ಷಿ ಹೇಳಿದಾಗ ಅದರಲ್ಲಿ ಕುರಿಯ ತಲೆ, ಕುಂಕುಮ ಇಷ್ಟೇ ಇತ್ತು. ಸಿರವಾರದಲ್ಲಿ ಹೇಳುವಾಗ ಅಕ್ಕ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಮಾನ್ವಿಗೆ ಬರುವ ಹೊತ್ತಿಗೆ ಅಕ್ಕ ನಕ್ಕಿದ್ದಳು, "ಹೆಂಗ ಉಂಡಿ ನೋಡು" ಎಂದೂ ಅಂದಿದ್ದಳು. ಸುಳ್ಳು ಹೇಳಬೇಕೆಂದು ಸುವಾರ್ತಮ್ಮ ಹೊರಟವಳಲ್ಲ. ಮೈಕು ಕೈಗೆ ಬಂದು, ಎದುರಿಗೆ ಅಷ್ಟೊಂದು ಹೆಣ್ಣುಮಕ್ಕಳ ಕಣ್ಣು ತೇವವಾದರೆ ಮಾತು ತಾನಾಗಿ ಮುಂದಕ್ಕೆ ಓಡುತ್ತದೆ, ಏನು ಮಾಡುವುದು! ವರ್ಷ ಕಳೆದಂತೆ ಅಕ್ಕ ನಕ್ಕದ್ದು ಆಕೆಗೇ ನೆನಪಿಗೆ ಬರತೊಡಗಿತು.

ಈ ಸಲ ಕ್ರಿಸ್ಮಸ್ಸಿನ ಹಿಂದಿನ ವಾರ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ಪಕೀರೀ, ನಾ ಬಸವಂತಿ ಮಾತಾಡಾಕತ್ತೀನಿ. ಇಡಬ್ಯಾಡ. ನಿಮ್ಮ ಹಬ್ಬ ಮುಗಿಸ್ಕೊಂಡು ಎರಡು ದಿನ ಬಂದು ಹೋಗವ್ವ. ಒಂದ್ ಮಾತು ಆಡೋದದ, ಫೋನಿನ್ಯಾಗ ಆಡೋವಂಥದ್ದಲ್ಲ."

ಸುವಾರ್ತಮ್ಮನಿಗೆ ಮೊದಲು ಹೊಳೆದದ್ದು ತವರಿನ ಮನೆಜಾಗ. ಅದಕ್ಕೆ ರುಜು ಹಾಕಿಸಿಕೊಳ್ಳಲು ಕರೆಯುತ್ತಿರಬೇಕು. ಅದಲ್ಲದಿದ್ದರೆ ತಮ್ಮ ಕಡೆಯ ಯಾವನೋ ಗಂಡನ್ನು ಮಂಜುಳಾಗೆ ಗಂಟು ಹಾಕುವ ಹುನ್ನಾರ. ಅದೂ ಅಲ್ಲದಿದ್ದರೆ ಆ ಮನೆಯಲ್ಲಿ ಯಾರಿಗೋ ಕಿಡ್ನಿ ಬೇಕಾಗಿದೆ.

"ಕಿಡ್ನಿಯಾ?" ಎಂದು ಮಂಜುಳಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಕ್ರಿ ಕಾಯಿಲಿ ಇದ್ದಾಕಿ ಕಿಡ್ನಿ ಯಾರ್ ಕೇಳ್ತಾರ ಯವ್ವಾ? ನಡಿ, ಹೋಗಿ ಬರೋಣು. ನನಗ ದೊಡ್ಡವ್ವನ ಮುಖ ಮರತ ಹೋಗೇದ."

ಹೋಗಲು ಒಂದು ಕಾರಣವೂ ಸಿಕ್ಕಿತು. ಇಪ್ಪತ್ತೊಂಬತ್ತಕ್ಕೆ ಮಾನ್ವಿ ಚರ್ಚಿನಲ್ಲಿ ಹೆಣ್ಣುಮಕ್ಕಳ ಕೂಟ, ಅಲ್ಲಿ ಸುವಾರ್ತಮ್ಮನದೇ ಸಾಕ್ಷಿ. ಮೊದಲು ದೇವದುರ್ಗಕ್ಕೆ ಹೋಗಿ, ಅಲ್ಲಿ ಅಕ್ಕ ಅಳುತ್ತ ತಪ್ಪೊಪ್ಪಿಕೊಂಡು, ತಾನು ಕ್ಷಮಿಸಿ, ನೇರ ಮಾನ್ವಿಗೆ ಹೋದರೆ ಹಳೆಯ ಸಾಕ್ಷಿಗೆ ಎಂಥ ಚಂದದ ಕೊನೆ ಸಿಗುತ್ತದೆ! ಈ ಆಸೆಯ ಹಿಂದೆ ಇನ್ನೊಂದು ಆಸೆ ಇತ್ತು, ಅದನ್ನು ಮಗಳಿಗೂ ಹೇಳಿರಲಿಲ್ಲ. ತಂದೆತಾಯಿ ಹೋದರು, ಗಂಡ ಹೋದ. ಆಕೆಯನ್ನು ಪಕೀರಿ ಎಂದು ಕರೆಯುವ ಜೀವ ಭೂಮಿಯ ಮೇಲೆ ಅದೊಂದೇ ಉಳಿದಿತ್ತು. ಸುವಾರ್ತಮ್ಮನಿಗೆ ಅಕ್ಕ ಬೇಕಾಗಿದ್ದಳು.

ಹಬ್ಬದ ಮರುದಿನವೇ ಹೊರಟರು. ಚೀಲದಲ್ಲಿ ಬಟ್ಟೆಗಿಂತ ಊಟದ ಸಾಮಾನೇ ಹೆಚ್ಚು. ಎರಡು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಮನೆಯ ನೀರು ತುಂಬಿದ ಬಾಟಲಿಗಳು. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಕರ್ಚೀಫು, ಯಾರದೋ ಒಂದು ಚಪ್ಪಲಿ ಕೂಡ ಹಾರಿ ಸೀಟುಗಳ ಮೇಲೆ ಬಿದ್ದವು. ಸುವಾರ್ತಮ್ಮ ಒಳಗೆ ನುಗ್ಗಿ ಆ ಚಪ್ಪಲಿಯನ್ನು ಎರಡು ಬೆರಳಿನಿಂದ ಎತ್ತಿ ಕೆಳಗಿಟ್ಟು ಕೂತಳು.

"ಸ್ವರ್ಗದ ಸೀಟಿಗೆ ಯಾರೂ ಟವೆಲ್ ಹಾಕಾಕ ಬರೂದಿಲ್ಲ," ಎಂದು ಮಗಳಿಗೆ ಹೇಳಿದಳು. "ಇದನ್ನ ಮಾನ್ವಿಯಾಗ ಹೇಳಬೇಕು."

ಕಂಡಕ್ಟರು ಆಧಾರ್ ಕಾರ್ಡು ನೋಡಿ ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ಟು ಹರಿದುಕೊಟ್ಟ. ಅದರಲ್ಲೂ ಪಾಠ ಹೊಳೆಯಿತು. ದೇವರ ಕೃಪೆಯೂ ಹೀಗೆಯೇ ಪುಕ್ಕಟೆ, ದುಡಿದು ಗಳಿಸಿದ್ದಲ್ಲ. ಈ ಪಾಠ ಮುಗಿಯುವ ಮೊದಲೇ ಕಂಡಕ್ಟರು ಕಾರ್ಡಿನ ಫೋಟೋ ಒಮ್ಮೆ, ಆಕೆಯ ಮುಖ ಒಮ್ಮೆ ನೋಡಿದ್ದು ಕಣ್ಣಿಗೆ ಬಿತ್ತು.

"ಏನ್ ಅಷ್ಟು ನೋಡ್ತೀರಿ? ನಾನ ಅದು! ಸಂಶಯ ಏನರ ಅದನೇನು?" ಎಂದು ಗದರಿದಳು. ಮಂಜುಳಾ ಕಿಟಕಿಯ ಕಡೆ ತಿರುಗಿ ಬಾಯಿ ಮುಚ್ಚಿಕೊಂಡಳು. ಗಬ್ಬೂರು ದಾಟುವ ತನಕ ಅವಳ ನಗು ನಿಲ್ಲಲಿಲ್ಲ.

ದೇವದುರ್ಗದಲ್ಲಿ ಬಸವಂತಮ್ಮ ಬಾಗಿಲಲ್ಲೇ ನಿಂತಿದ್ದಳು. ಮುಂಗೂದಲು ಪೂರ್ತಿ ಬಿಳಿಯಾಗಿತ್ತು. ತಂಗಿಯ ಕೆನ್ನೆ ಸವರಿ ನೆಟಿಗೆ ಮುರಿದಳು, ಮಂಜುಳಾಳನ್ನು ಅಪ್ಪಿಕೊಂಡಳು. ಒಳಗಿನಿಂದ ಅಕ್ಕನ ಮಗಳು ಐಶ್ವರ್ಯ "ಚಿಗವ್ವಾ, ಬರ್ರಿ" ಎಂದು ತಂಬಿಗೆಯಲ್ಲಿ ನೀರು ತಂದಳು.

"ನೀರು ನಂದ ಅದವ್ವ," ಎಂದು ಸುವಾರ್ತಮ್ಮ ಬಾಟಲಿ ತೋರಿಸಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಬಿಸಿಬಿಸಿ ರೊಟ್ಟಿ, ಎಣ್ಣೆಗಾಯಿ ಬಂತು. ಸುವಾರ್ತಮ್ಮ ತನ್ನ ಡಬ್ಬಿ ಬಿಚ್ಚಿದಳು. ಬಸವಂತಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಡಬ್ಬಿಯನ್ನು ನೋಡಿದಳು, ಸೌಟನ್ನು ಮಂಜುಳಾಳ ತಟ್ಟೆಗೆ ತಿರುಗಿಸಿದಳು. ಮಗಳು ಅವ್ವ ಕಣ್ಣಲ್ಲಿ ತಡೆದದ್ದನ್ನು ನೋಡಿಯೂ ನೋಡದವಳಂತೆ ಮೂರು ರೊಟ್ಟಿ ಹೊಡೆದಳು.

ಊಟವಾದ ಮೇಲೆ ಸುವಾರ್ತಮ್ಮ ಸುಮ್ಮನೆ ಕೂಡಲಿಲ್ಲ. ದೇವರ ಗೂಡಿಗೆ ಪರದೆ ಎಳೆದಿತ್ತು. ಯಾಕೆ ಎಳೆದರು? ಏನು ಮುಚ್ಚಿದರು? ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಕೈಯಿಟ್ಟಳು, ತಣ್ಣಗಿತ್ತು. ಗ್ಯಾಸಿನ ಒಲೆ ಒರೆಸಿ ಮೇಲೆ ಬಟ್ಟೆ ಹೊಚ್ಚಿತ್ತು. ಒಲೆ ಹೊತ್ತಿಲ್ಲ, ರೊಟ್ಟಿ ಮಾತ್ರ ಬಿಸಿ!

"ಗುಡಿಯಾಗಿಂದ ತಂದಾರ," ಎಂದು ಮಗಳ ಕಿವಿಯಲ್ಲಿ ಉಸುರಿದಳು. "ಮತ್ತ ಅದ ಆಟ ಹೂಡ್ಯಾಳ. ನೀ ಮೂರು ರೊಟ್ಟಿ ತಿಂದಿಯಲ್ಲ, ತಿನ್ನು!"

ಮರುದಿನ ಬೆಳಿಗ್ಗೆ ಬಸವಂತಮ್ಮ ಹಿಟ್ಟಿನ ಪರಾತದ ಮೇಲೆ ಬಟ್ಟೆ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಸುವಾರ್ತಮ್ಮ ಚಪ್ಪಲಿ ಕೂಡ ಮೆಟ್ಟದೆ ಹಿಂದೆ ಹೋದಳು. ಇವತ್ತು ಕೈಯಾರೆ ಹಿಡಿದೇ ಬಿಡುತ್ತೇನೆ ಎಂದುಕೊಂಡಳು. ಬಸವಂತಮ್ಮ ಗುಡಿಯ ಕಡೆ ತಿರುಗಲಿಲ್ಲ. ಪಕ್ಕದ ಅಮೀರ್ ಸಾಬರ ಅಂಗಳಕ್ಕೆ ಹೋದಳು. ಮಾಂಸದಂಗಡಿಯ ಅಮೀರ್ ಸಾಬರು. ಅವರ ಹೆಂಡತಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಬಸವಂತಮ್ಮ ಅಲ್ಲಿಯ ಒಲೆಯ ಮುಂದೆ ಕೂತು ಹೊಸ ಹಂಚು ಇಟ್ಟು ಪಟಪಟ ರೊಟ್ಟಿ ಬಡಿಯತೊಡಗಿದಳು.

"ಗ್ವಾಡಿ ಮರಿಗೆ ಯಾಕ ನಿಂತಿ ಪಕೀರಿ? ಒಳಗ ಬಾ," ಎಂದಳು ತಲೆ ಎತ್ತದೆ.

ಸಿಕ್ಕಿಬಿದ್ದವಳು ತಾನೇ ಆದಳಲ್ಲ! ಸುವಾರ್ತಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. "ಮಂದಿ ಮನಿಯಾಗ ಯಾಕ ಅಡಿಗಿ ಮಾಡಾಕತ್ತಿ?"

"ನಮ್ಮ ಒಲಿ ಮ್ಯಾಲ ಆದದ್ದೆಲ್ಲ ಮೊದಲ ದೇವ್ರಿಗೆ ಮುಟ್ಟಿಸ್ತೀವಿ. ನೀ ಉಣ್ಣಂಗಿಲ್ಲ. ಅದಕ್ಕ ನೀ ಇರೋತನಕ ಇವರ ಒಲಿ."

"ಮೊದಲ ಹೇಳಬೇಕಿಲ್ಲೇನು?"

"ಹೇಳಿದ್ರ ನಂಬ್ತಿದ್ದೇನು?" ಬಸವಂತಮ್ಮ ರೊಟ್ಟಿ ಮಗುಚಿದಳು. "ಅವತ್ತೂ ಹಿಂಗ ಮಾಡಿದ್ದೆ. ದೇವ್ರ ಕುರಿ ಬ್ಯಾರೆ ಇತ್ತು. ನಿನ್ನ ಸಲುವಾಗಿ ಅಮೀರ್ ಸಾಬರ ಅಂಗಡಿಯಾಗ ಬ್ಯಾರೆ ಮಾಂಸ ತಂದು, ಇದ ಒಲಿ ಮ್ಯಾಲ ಕುದಿಸಿದ್ದೆ. ಈಕಿ ಅವತ್ತು ತವರಿಗೆ ಹೋಗಿದ್ದಳು. ಅಮೀರ್ ಸಾಬರ ತಾಯಿ ಇದ್ದಳು ಆವಾಗ, ಆಕೀನ ಖಾರ ಅರದು ಕೊಟ್ಟಳು. ನೀ ಉಂಡಿ, ಹಿತ್ತಲಕ ಹೋದಿ, ಚೀಲ ತೊಗೊಂಡು ಹೊಂಟೇ ಹೋದಿ. ಯಾಕಂತ ತಿಳಿಯೂದರಾಗ ನನಗ ಒಂದು ವರ್ಷ ಹೋತು."

ಆಮೇಲೆ ಕರೆಸಿದ ಕಾರಣ ಹೇಳಿದಳು. ಐಶ್ವರ್ಯ ಮಾನ್ವಿಯ ಉಮೇಶನನ್ನು ಮೆಚ್ಚಿದ್ದಾಳೆ. ಚರ್ಚಿನ ಹುಡುಗ, ಕುಡಿಯುವುದಿಲ್ಲ, ಆಸ್ಪತ್ರೆಯಲ್ಲಿ ಕೆಲಸ. ಹುಡುಗಿಯೂ ಒಂದು ವರ್ಷದಿಂದ ತಾನಾಗಿ ಚರ್ಚಿಗೆ ಹೋಗುತ್ತಿದ್ದಾಳೆ, ತಂದೆತಾಯಿಗೆ ತಕರಾರಿಲ್ಲ. ತಕರಾರು ಹುಡುಗನ ತಾಯಿ ರಾಹೇಲಮ್ಮನದು. ಆಕೆ ಮಾನ್ವಿಯ ಕೂಟದಲ್ಲಿ ಸುವಾರ್ತಮ್ಮನ ಸಾಕ್ಷಿ ಕೇಳಿದವಳು.

"ಒಡಹುಟ್ಟಿದಾಕಿಗೇ ಮೋಸ ಮಾಡಿದಾಕಿ ಮಗಳು ನಮ್ಮ ಮನಿಗೆ ಬ್ಯಾಡ ಅಂದಾಳ. ನಾ ಹೆಂಗ ನಕ್ಕೆ ಅಂತ ಆಕಿ ನಕ್ಕು ತೋರಿಸಿದಳಂತ." ಬಸವಂತಮ್ಮ ಮೊದಲ ಸಲ ತಲೆ ಎತ್ತಿದಳು. "ನಾ ಯಾವಾಗ ನಕ್ಕೆ ಪಕೀರಿ?"

ಸುವಾರ್ತಮ್ಮ ಅಂಗಳದಿಂದ ಹೊರಬಿದ್ದಳು. ಸಂಶಯ ಬೆನ್ನಿಗೇ ಇತ್ತಲ್ಲ, ಅದು ಎಲ್ಲಿಗೆ ಹೋಗುತ್ತದೆ? ಮಗಳ ಮದುವೆ ಆಗಲಿ ಅಂತ ಈಗ ಹೀಗೆ ಕಟ್ಟಿ ಹೇಳುತ್ತಿರಬಹುದಲ್ಲ? ಖಾರ ಅರೆದ ಮುದುಕಿ ಸತ್ತು ಮಣ್ಣಾಗಿದ್ದಾಳೆ, ಅನುಕೂಲವೇ ಆಯಿತು. ನೆಟ್ಟಗೆ ಅಮೀರ್ ಸಾಬರ ಅಂಗಡಿಗೆ ನಡೆದಳು.

"ಹತ್ತು ವರ್ಷದ ಮಾತೇನವ್ವ?" ಅಮೀರ್ ಸಾಬರು ಕತ್ತಿ ಕೆಳಗಿಟ್ಟರು. "ನಿನ್ನೆ ಯಾರು ಒಯ್ದರು ಅನ್ನೋದ ಯಾದಿ ಇಲ್ಲ ನನಗ. ಬಸವಂತವ್ವ ಒಯ್ದಿದ್ದರೂ ಒಯ್ದಿರಬೇಕು. ನೋಡೀನಿ ಅಂತ ಸುಳ್ಳು ಕಸಮ್ ಹಾಕಂಗಿಲ್ಲ. ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಇದನ್ನ ಆಕೀನ್ನ ಬಿಟ್ಟು ನನ್ನ ಯಾಕ ಕೇಳಾಕತ್ತಿ?"

ಆ ಸಂಜೆ ಅಂಗಳದಲ್ಲಿ ಕೂತು ಸುವಾರ್ತಮ್ಮ ಮಗಳ ಮುಂದೆ ಎಲ್ಲ ತೋಡಿಕೊಂಡಳು. ಅಕ್ಕ ಹೇಳುವುದು ನಿಜವಿದ್ದರೂ ಇರಬಹುದು, ಆದರೆ ಕಣ್ಣಾರೆ ಕಂಡವರು ಯಾರೂ ಇಲ್ಲ. ಕಾಣದ್ದನ್ನು ಹೇಗೆ ನಂಬುವುದು?

ಮಂಜುಳಾ ಈ ಸಲ ನಗಲಿಲ್ಲ. "ಯವ್ವಾ, ಎರಡು ಸಾವಿರ ವರ್ಷದ ಹಿಂದ ದೂರದ ದೇಶದಾಗ ಆದದ್ದನ್ನ ನೀ ಕಣ್ಣಿಲೆ ನೋಡೀ ಏನು? ನೋಡದ ನಂಬಿ, ಅದರ ಮ್ಯಾಲ ಜೀವ ಇಟ್ಟು ಬದುಕಾಕತ್ತಿ. ಬಾಜೂ ಮನಿ ಒಲಿ ಮ್ಯಾಲ ಆದದ್ದನ್ನ ಒಡಹುಟ್ಟಿದಾಕಿ ಹೇಳಿದ್ರ ನಂಬಾಕ ಆಗೂದಿಲ್ಲೇನು ನಿನಗ?"

"ಸುಮ್ನ ಕೂಡ ಬೇ! ದೇವರ ವಾಕ್ಯಕ್ಕೂ ಇದಕ್ಕೂ ಏನ್ ಸಂಬಂಧ!" ಎಂದು ಸುವಾರ್ತಮ್ಮ ಎದ್ದು ಹೋದಳು. ಏನು ಸಂಬಂಧ ಎಂಬುದು ಆಕೆಗೆ ತಿಳಿದಿತ್ತು. ತಿಳಿದದ್ದಕ್ಕೇ ಸಿಟ್ಟು ಬಂದದ್ದು.

ಮಾನ್ವಿಗೆ ಹೊರಡುವಾಗ ಬಸವಂತಮ್ಮನೂ ಒಗೆದ ಸೀರೆ ಉಟ್ಟು ಬಂದಳು. "ನಾನೂ ಬರ್ತೀನಿ. ಏನ್ ಹೇಳ್ತಿ ಹೇಳು, ಹಿಂದ ಕೂತು ಕೇಳ್ತೀನಿ." ತಂಗಿಯನ್ನು ಏನೂ ಬೇಡಲಿಲ್ಲ, ಹೀಗೆ ಹೇಳು ಎಂದೂ ಅನ್ನಲಿಲ್ಲ. ಅದೂ ಸುವಾರ್ತಮ್ಮನಿಗೆ ಅನುಮಾನವೇ ಆಯಿತು, ಇಷ್ಟು ಸುಮ್ಮನೆ ಯಾಕಿದ್ದಾಳೆ ಎಂದು.

ಸಿರವಾರದಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಡಬ್ಬಿಯ ರೊಟ್ಟಿ ಮುಗಿದಿತ್ತು. ಬಸವಂತಮ್ಮ ಎದುರಿನ ಹೋಟೆಲಿನಿಂದ ಮಂಡಾಳ ಒಗ್ಗರಣಿ, ಮಿರ್ಚಿ ತಂದು ತಂಗಿಯ ಮುಂದೆ ಹಿಡಿದು, "ಇದು ಹೋಟೆಲಿಂದು. ನಾ ಮಾಡಿದ್ದಲ್ಲ, ತಿನ್ನು" ಎಂದಳು. ಹಸಿವಾಗಿತ್ತು, ಸುವಾರ್ತಮ್ಮ ತಿಂದಳು. ತಿನ್ನುತ್ತಿದ್ದಾಗ ಮಂಜುಳಾ ಗಲ್ಲವೆತ್ತಿ ಹೋಟೆಲಿನ ಕಡೆ ತೋರಿಸಿದಳು. ಗಲ್ಲಾಪೆಟ್ಟಿಗೆಯ ಮೇಲೆ ಹೂವಿನ ಹಾರ ಹಾಕಿದ ದೇವರ ಫೋಟೋ, ಊದಿನಕಡ್ಡಿ, ಅದರ ಮುಂದೆ ಮೊದಲ ಕಡಾಯಿಯಿಂದ ತೆಗೆದಿಟ್ಟ ಒಂದು ಮಿರ್ಚಿ. ಇಷ್ಟು ವರ್ಷದ ಪ್ರಯಾಣದಲ್ಲಿ ಎಷ್ಟು ಹೋಟೆಲಿನಲ್ಲಿ ತಿಂದಿದ್ದಾಳೋ ಏನೋ, ಒಬ್ಬ ಹೋಟೆಲಿನವನನ್ನೂ ಆಕೆ ವಿಚಾರಿಸಿರಲಿಲ್ಲ. ವಿಚಾರಣೆ ಎಲ್ಲ ಅಕ್ಕನದೇ ಆಗಿತ್ತು.

ಮಾನ್ವಿಯ ಚರ್ಚು ತುಂಬಿತ್ತು. ಕ್ರಿಸ್ಮಸ್ಸಿನ ನಕ್ಷತ್ರ ಇನ್ನೂ ತೂಗುತ್ತಿತ್ತು, ಹೆಣ್ಣುಮಕ್ಕಳೆಲ್ಲ ಹಬ್ಬದ ಹೊಸ ಸೀರೆಯಲ್ಲಿದ್ದರು. ಬಸವಂತಮ್ಮ ಒಳಗೆ ಬಂದು ಚಪ್ಪಲಿ ಬಿಡುವ ಜಾಗಕ್ಕೆ ಹತ್ತಿರ, ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಳು. ಪಕ್ಕದಲ್ಲಿ ಮಂಜುಳಾ. ಹಾಡು ಮುಗಿಯಿತು. ಅಯ್ಯನವರ ಹೆಂಡತಿ ಮೈಕು ಹಿಡಿದು, "ರಾಯಚೂರಿನ ಸಹೋದರಿ ಸುವಾರ್ತಮ್ಮನವರು. ಅವರ ಅಕ್ಕನ ಸಾಕ್ಷಿ ಯಾರ್ ಮರತೀರಿ? ಇವತ್ತು ಅದ ಸಾಕ್ಷಿ ಮುಂದುವರಿಸ್ತಾರಂತ" ಎಂದರು.

ಸುವಾರ್ತಮ್ಮ ಮುಂದೆ ಬಂದು ನಿಂತಳು. ಮೂರನೆಯ ಸಾಲಿನಲ್ಲಿ ರಾಹೇಲಮ್ಮ ಕಂಡಳು, ಎತ್ತರದ ಹೆಂಗಸು, ಕಣ್ಣು ಹರಿತ. ಬಸ್ಸಿನಲ್ಲಿ ಬರುತ್ತ ಸುವಾರ್ತಮ್ಮ ಒಂದು ಮಧ್ಯದ ದಾರಿ ಹುಡುಕಿಕೊಂಡಿದ್ದಳು. ಅಕ್ಕ ಮಾಡಿದಳೋ ಬಿಟ್ಟಳೋ, ಅದರ ತಂಟೆಗೆ ಹೋಗದೆ ಕ್ಷಮೆಯ ಮಾತು ಆಡಿ ಮುಗಿಸಿಬಿಡುವುದು. ಕ್ಷಮೆ ಎಂದರೆ ಎಲ್ಲರಿಗೂ ಇಷ್ಟ, ಯಾರಿಗೂ ನಷ್ಟವಿಲ್ಲ.

"ಈ ರಜಾದಾಗ ದೇವರು ನನ್ನನ್ನ ದೇವದುರ್ಗಕ್ಕ ಕಳಿಸಿದ," ಎಂದು ಶುರುಮಾಡಿದಳು. "ಹತ್ತು ವರ್ಷದ ಮ್ಯಾಲ ನಮ್ಮಕ್ಕನ ಮನಿ ಹೊಸ್ತಿಲು ದಾಟಿದೆ. ನನ್ನ ಮನಸ್ಸಿನ್ಯಾಗ ಇದ್ದ ಕಹಿ ಎಲ್ಲಾ ಕರ್ತನ ಪಾದದ ಹತ್ರ ಇಟ್ಟೆ. ನಾ ನಮ್ಮಕ್ಕನ್ನ ಕ್ಷಮಿಸೀನಿ!"

"ಸ್ತೋತ್ರ!" ಎಂದು ಚರ್ಚು ಗುಡುಗಿತು. ಸೆರಗುಗಳು ಕಣ್ಣಿಗೆ ಹೋದವು. ರಾಹೇಲಮ್ಮ ಎದ್ದೇ ನಿಂತಳು, ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಅಮ್ಮಾರೆ, ನೋವು ತಿಂದವರು ನೀವ ಕ್ಷಮಿಸಿದ ಮ್ಯಾಲ ನಾ ಯಾರು ಸಿಟ್ಟು ಇಟ್ಕೊಳ್ಳಾಕ? ಎಲ್ಲಾರ ಮುಂದ ಹೇಳ್ತೀನಿ. ನಿಮ್ಮಕ್ಕನ ಮಗಳನ್ನ ನಾವು ತಂದ್ಕೊಳ್ತೀವಿ!"

ಚಪ್ಪಾಳೆ ಬಿತ್ತು. ಕೆಲಸ ಆಗಿಹೋಯಿತು. ಐಶ್ವರ್ಯಳ ಮದುವೆ ಗಟ್ಟಿ, ಸುವಾರ್ತಮ್ಮನ ಸಾಕ್ಷಿ ಗಟ್ಟಿ, ಹಿಂದೆಂದೂ ಬಾರದಂಥ ಚಪ್ಪಾಳೆ. ಮೈಕು ಕೊಟ್ಟು ಕೆಳಗೆ ಇಳಿದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಇಳಿಯುವ ಮೊದಲು ಆಕೆ ಹಿಂದಿನ ಗೋಡೆಯ ಕಡೆ ನೋಡಿದಳು.

ಬಸವಂತಮ್ಮನನ್ನು ಯಾರೋ ಗುರುತಿಸಿ ತೋರಿಸಿದ್ದರು, ಎಲ್ಲರ ಕತ್ತು ಆ ಕಡೆ ತಿರುಗಿತ್ತು. ಬಸವಂತಮ್ಮ ಎದ್ದು ನಿಂತು ಕೈ ಮುಗಿಯುತ್ತಿದ್ದಳು. ಈ ಸಾಲಿಗೊಮ್ಮೆ, ಆ ಸಾಲಿಗೊಮ್ಮೆ, ತಲೆ ಬಗ್ಗಿಸಿ, ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಮಗಳ ಸಲುವಾಗಿ ತೆಗೆದುಕೊಳ್ಳುತ್ತಿದ್ದಳು.

ಮಾಡದ ತಪ್ಪು! ಹಾಗೆಂದು ಯಾರು ಹೇಳಿದರು? ಸುವಾರ್ತಮ್ಮನಿಗೆ ಈಗಲೂ ಕಂಡವರು ಯಾರೂ ಸಿಕ್ಕಿರಲಿಲ್ಲ. ಸಂಶಯವೂ ಎದೆಯಲ್ಲಿ ಇದ್ದ ಜಾಗದಲ್ಲೇ ಇತ್ತು. ಆದರೆ ಆ ಮುಗಿದ ಕೈಗಳನ್ನು ನೋಡಿಕೊಂಡು ನಿಲ್ಲಲು ಆಕೆಯಿಂದ ಆಗಲಿಲ್ಲ.

"ಕೂಡ್ರಿ ರಾಹೇಲಮ್ಮಾರೆ," ಎಂದಳು. ಮೈಕಿನಲ್ಲಿ ದನಿ ಒಡೆದು ಬಂತು. "ಇನ್ನೂ ಮುಗಿದಿಲ್ಲ. ನಮ್ಮಕ್ಕ ನಗಲಿಲ್ಲ."

ಯಾರಿಗೂ ತಿಳಿಯಲಿಲ್ಲ.

"ಅವತ್ತು ನಾ ಉಂಡಾಗ ನಮ್ಮಕ್ಕ ನಗಲಿಲ್ಲ. ಬಾಗಲ ಮರಿಗೆ ನಿಂದರಲಿಲ್ಲ. ಹೆಂಗ ಉಂಡಿ ನೋಡು ಅನ್ನಲಿಲ್ಲ. ಅದೆಲ್ಲಾ ನಾ ಸೇರಿಸಿದ್ದು. ಆಕಿ ನನಗಂತ ಬ್ಯಾರೆ ಮಾಂಸ ತಂದು, ಬ್ಯಾರೆ ಒಲಿ ಮ್ಯಾಲ ಮಾಡಿದ್ದಳು. ನಾ ಕುರಿ ತಲಿ ನೋಡಿದೆ, ಆಕೀನ್ನ ಒಂದ್ ಮಾತು ಕೇಳಲಿಲ್ಲ. ಹತ್ತು ವರ್ಷ ನಿಮಗೆಲ್ಲಾ ಹೇಳಿದೆ, ಆಕೀನ್ನ ಕೇಳಲಿಲ್ಲ."

ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡು, "ಎಂಥಾ ದೊಡ್ಡ ಮನಸ್ಸು ನೋಡ್ರಿ! ಅಕ್ಕನ ಪಾಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ! ಸ್ತೋತ್ರ!" ಎಂದಳು. ಅಲ್ಲಲ್ಲಿ ಇನ್ನಷ್ಟು ದನಿಗಳು ಸೇರಿಕೊಂಡವು.

"ಸ್ತೋತ್ರ ಹೇಳಬ್ಯಾಡ್ರೀ!" ಸುವಾರ್ತಮ್ಮ ಕಿರುಚಿದಳು. "ದೊಡ್ಡ ಮನಸ್ಸೂ ಇಲ್ಲ ಸಣ್ಣ ಮನಸ್ಸೂ ಇಲ್ಲ. ನಾ ಖರೇ ಹೇಳಾಕತ್ತೀನಿ. ಇಷ್ಟು ವರ್ಷ ಸುಳ್ಳು ಹೇಳಿದಾಗ ನಂಬಿದ್ರಿ, ಇವತ್ತು ಖರೇ ಹೇಳಿದ್ರ ನಂಬವಲ್ರಿ!"

ಅಯ್ಯನವರ ಹೆಂಡತಿ ಮೈಕಿಗೆ ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು. ರಾಹೇಲಮ್ಮ ಇನ್ನೂ ನಿಂತೇ ಇದ್ದಳು. ಅವಳ ಕಣ್ಣೀರು ಆರಿತ್ತು, ಹುಬ್ಬು ಗಂಟಾಗಿತ್ತು.

"ಅಂದ್ರ ನಮ್ಮನ್ನೆಲ್ಲ ಸುಮ್ನ ಅಳಿಸಿದ್ರೇನು?"

"ಅಳಿಸೀನಿ."

"ಈಗ ಹೇಳಿದ್ದು ಖರೇ ಅಂತ ಹೆಂಗ ತಿಳ್ಕೋಬೇಕು ನಾವು? ಮದುವಿ ಸಲುವಾಗಿ ಅಕ್ಕತಂಗೇರು ಮಾತಾಡ್ಕೊಂಡು ಬಂದಿರಬೇಕು. ಬ್ಯಾರೆ ಒಲಿ ಮ್ಯಾಲ ಮಾಡಿದ್ದನ್ನ ಯಾರು ನೋಡ್ಯಾರ?"

ಸುವಾರ್ತಮ್ಮ ಈ ಪ್ರಶ್ನೆಯನ್ನು ತಾನೇ ಎರಡು ದಿನ ಊರೆಲ್ಲ ಹೊತ್ತು ತಿರುಗಿದ್ದಳು. "ಯಾರೂ ನೋಡಿಲ್ಲ," ಎಂದಳು. "ನಮ್ಮಕ್ಕ ಹೇಳಿದಳು. ನಾ ನಂಬೀನಿ. ನನ್ನ ಹತ್ರ ಅದರ ಹೊರ್ತು ಏನೂ ಇಲ್ಲ."

ರಾಹೇಲಮ್ಮ ಸಾಲಿನಿಂದ ಹೊರಗೆ ಬಂದಳು. ಬಾಗಿಲ ಕಡೆಗೇ ನಡೆದಳು. ಎದ್ದು ಹೋಗುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು, ಸುವಾರ್ತಮ್ಮನೂ ಹಾಗೆಯೇ ತಿಳಿದಳು. ತಾನೇ ಕಟ್ಟಿದ್ದ ಮದುವೆಯನ್ನು ತಾನೇ ಮುರಿದೆ ಎಂದುಕೊಂಡಳು. ಹಿಂದೆ ಬಸವಂತಮ್ಮ ಅಡ್ಡ ಬಂದು ನಿಂತಳು.

"ಯವ್ವಾ, ನನ್ನ ಮಗಳನ್ನ ಬ್ಯಾಡ ಅನ್ರಿ, ನಡೀತದ. ನನ್ನ ತಂಗಿಗೆ ಸುಳ್ಳಿ ಅನಬ್ಯಾಡ್ರಿ. ಆಕಿ ಸುಳ್ಳು ಹೇಳಾಕಿ ಅಲ್ಲ. ಸಂಶಯ ಜಾಸ್ತಿ, ಅಷ್ಟ. ಕೂಸಿದ್ದಾಗ ನಾ ಎತ್ತಿ ಆಡಿಸೀನಿ ಆಕೀನ್ನ. ಬಾಯಾಗ ಬೆಲ್ಲ ಇಟ್ರೂ ಉಗುಳಿ, ಅಂಗೈಯಾಗ ನೋಡಿ, ಮತ್ತ ತಿನ್ನಾಕಿ."

ಯಾರೋ ಕಿಸಕ್ಕನೆ ನಕ್ಕರು. ರಾಹೇಲಮ್ಮ ನಗಲಿಲ್ಲ. ಹಿಂದಿದ್ದ ಅಕ್ಕನನ್ನು ನೋಡಿದಳು, ಮುಂದಿದ್ದ ತಂಗಿಯನ್ನು ನೋಡಿದಳು. ಇಬ್ಬರೂ ಅಳುತ್ತಿದ್ದರು, ಒಬ್ಬಳಿಗಾಗಿ ಒಬ್ಬಳು. ರಾಹೇಲಮ್ಮ ಹೊಸ ಸೀರೆಯನ್ನು ಮೇಲಕ್ಕೆತ್ತಿ ಹಿಡಿದು, ಚಪ್ಪಲಿಗಳ ಪಕ್ಕದ ಆ ಚಾಪೆಯ ಮೇಲೆ ಕೂಡಲು ಬಗ್ಗಿದಳು.

"ಒಂಚೂರು ಸರೀರಿ, ಬೀಗತಿ," ಎಂದಳು ಬಸವಂತಮ್ಮನಿಗೆ. "ನನಗೂ ಜಾಗ ಕೊಡ್ರಿ. ಆ ನಿಮ್ಮ ತಂಗೀನ್ನೂ ಇಲ್ಲೇ ಕರೀರಿ, ಇನ್ನೂ ಮೈಕು ಹಿಡ್ಕೊಂಡು ನಿಂತಾಳ."